ಶಾಲೆಯ ಸುದ್ದಿ ಮನೆಗೆ ತಲುಪುವ ಮೊದಲು: ಕ್ಯಾಲಿಫೋರ್ನಿಯಾದ ಕನ್ನಡ ಕುಟುಂಬಗಳಿಗೆ ಒಂದು ಮಾರ್ಗದರ್ಶಿ

ಎರಡು ವರ್ಷಗಳ ಹಿಂದೆ ಊರಿನಿಂದ ಬಂದಿದ್ದ ನಮ್ಮ ಮಾವನವರು ಒಂದು ಶುಕ್ರವಾರ ಮೊಮ್ಮಗಳನ್ನು ಕರೆತರಲೆಂದು ಮಧ್ಯಾಹ್ನ ಎರಡೂವರೆಗೆ ಶಾಲೆಯ ಗೇಟಿನ ಬಳಿ ಹೋಗಿ ನಿಂತರೆ ಅಲ್ಲಿ ನರಪಿಳ್ಳೆಯೂ ಇರಲಿಲ್ಲ. ಅಂದು ಮಿನಿಮಮ್ ಡೇ. ಮಕ್ಕಳನ್ನು ಹನ್ನೆರಡೂವರೆಗೇ ಮನೆಗೆ ಬಿಟ್ಟಿದ್ದರು. ಮಗು ಎರಡು ಗಂಟೆ ಹೊತ್ತಿನಿಂದ ಆಫೀಸಿನ ಬೆಂಚಿನ ಮೇಲೆ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿತ್ತು. ಶಾಲೆ ಹತ್ತು ದಿನ ಮೊದಲೇ ಆ್ಯಪ್‌ನಲ್ಲಿ ತಿಳಿಸಿತ್ತು; ದಿನಕ್ಕೆ ಎಂಟು ಹತ್ತು ಸಂದೇಶ ಬರುತ್ತವೆಂದು ಬೇಸತ್ತು ನಾನೇ ಅದರ ಸದ್ದು ಅಡಗಿಸಿಟ್ಟಿದ್ದೆ. ಸಂಜೆ ಆ ಸಂದೇಶವನ್ನು ಫೋನಿನಲ್ಲೇ ಕನ್ನಡಕ್ಕೆ ಅನುವಾದಿಸಿ ಮಾವನವರಿಗೆ ತೋರಿಸಿದೆ. "ಶುಕ್ರವಾರ ಕನಿಷ್ಠ ದಿನ" ಎಂದು ಬಂದಿತ್ತು. "ಇದನ್ನು ಮೊದಲೇ ಓದಿದ್ದರೂ ನನಗೇನು ತಿಳಿಯುತ್ತಿತ್ತಮ್ಮ?" ಎಂದರು ಅವರು.

ಇದು ಚಿಕ್ಕ ಸುದ್ದಿ. ಇದೇ ದಾರಿಯಲ್ಲಿ ದೊಡ್ಡ ಸುದ್ದಿಗಳೂ ಬರುತ್ತವೆ: ಶಾಲೆಯ ಗಡಿರೇಖೆ ಬದಲಾಗುವುದು, ಶಾಲೆ ಮುಚ್ಚುವುದು, ಮುಂದಿನ ವರ್ಷದ ರಜಾಪಟ್ಟಿ, ಸಂಗೀತ ಶಿಕ್ಷಕರ ಹುದ್ದೆಗೆ ಕತ್ತರಿ. ನಮ್ಮಲ್ಲಿ ಬಹುತೇಕರು ಗಮನಿಸದ ಸಂಗತಿಯೆಂದರೆ, ಇಂಥ ವಿಷಯ ಶಾಲೆಯ ಸಂದೇಶವಾಗಿ ಮನೆಗೆ ಬರುವ ಹೊತ್ತಿಗೆ ಅದರ ಮೇಲೆ ಮತದಾನ ಮುಗಿದಿರುವುದೇ ಹೆಚ್ಚು. ಆದ್ದರಿಂದ ಆ್ಯಪ್ ನೋಡುವ ಅಭ್ಯಾಸದ ಜೊತೆಗೆ, ಅದಕ್ಕಿಂತ ಒಂದು ಮೆಟ್ಟಿಲು ಮೇಲಿರುವ ಶಾಲಾ ಮಂಡಳಿಯ (ಸ್ಕೂಲ್ ಬೋರ್ಡ್) ಸಭೆಯ ಕಾರ್ಯಸೂಚಿಯನ್ನು (ಅಜೆಂಡಾ) ಓದುವ ಅಭ್ಯಾಸವನ್ನೂ ಮಾಡಿಕೊಳ್ಳಬೇಕು, ಓದಿದ್ದನ್ನು ನೆರೆಹೊರೆಯ ಕುಟುಂಬಗಳಿಗೆ ತಪ್ಪಿಲ್ಲದೆ ದಾಟಿಸಬೇಕು ಎಂಬುದೇ ಈ ಲೇಖನದ ತಿರುಳು. ಉದಾಹರಣೆಗಳೆಲ್ಲ ಕ್ಯಾಲಿಫೋರ್ನಿಯಾದವು, ಬೇರೆ ರಾಜ್ಯಗಳಲ್ಲಿ ವ್ಯವಸ್ಥೆ ಇದನ್ನೇ ಹೋಲುತ್ತದೆಯಾದರೂ ಕಾನೂನು, ಗಡುವುಗಳು ಬೇರೆ.

ನಿಮ್ಮದು ಯಾವ ಡಿಸ್ಟ್ರಿಕ್ಟ್?

ಕರ್ನಾಟಕದಲ್ಲಿ ಓದಿ ಬಂದವರಿಗೆ ಶಾಲೆಯ ಮೇಲಿನ ಅಧಿಕಾರವೆಂದರೆ ಬಿಇಒ ಕಚೇರಿ, ಡಿಡಿಪಿಐ, ಅವರ ಮೇಲೆ ಬೆಂಗಳೂರು. ಪಠ್ಯಪುಸ್ತಕವಾಗಲಿ ದಸರಾ ರಜೆಯಾಗಲಿ ಮೇಲಿನಿಂದ ಸುತ್ತೋಲೆಯಾಗಿ ಇಳಿದು ಬರುತ್ತದೆ. ಇಲ್ಲಿ ಹಾಗಲ್ಲ. ಸ್ಕೂಲ್ ಡಿಸ್ಟ್ರಿಕ್ಟ್ ಎಂಬುದು ಕಂದಾಯ ಜಿಲ್ಲೆಯೂ ಅಲ್ಲ, ನಗರಸಭೆಯ ಭಾಗವೂ ಅಲ್ಲ. ತನ್ನದೇ ಗಡಿ, ತನ್ನದೇ ಬಜೆಟ್, ಜನರಿಂದ ಚುನಾಯಿತವಾದ ತನ್ನದೇ ಮಂಡಳಿ ಇರುವ ಸ್ವತಂತ್ರ ಸ್ಥಳೀಯ ಸರ್ಕಾರ. ಮಂಡಳಿಯಲ್ಲಿ ಸಾಮಾನ್ಯವಾಗಿ ಐದು ಅಥವಾ ಏಳು ಟ್ರಸ್ಟಿಗಳಿರುತ್ತಾರೆ. ಆಡಳಿತ ನಡೆಸುವ ಸೂಪರಿಂಟೆಂಡೆಂಟ್ ಅವರನ್ನು ನೇಮಿಸುವವರೂ ಇವರೇ. ಹೊಸದಾಗಿ ಬಂದ ಪೋಷಕರು ಎಲ್ಲ ದೂರನ್ನೂ ಪ್ರಿನ್ಸಿಪಾಲರ ಮುಂದಿಡುವುದನ್ನು ನೋಡಿದ್ದೇನೆ. ಪಾಪ, ಗಡಿರೇಖೆಯ ವಿಷಯದಲ್ಲಿ ಅವರ ಕೈಯಲ್ಲಿ ಏನೂ ಇರುವುದಿಲ್ಲ.

ಊರಿನ ಹೆಸರು ನೋಡಿ ಡಿಸ್ಟ್ರಿಕ್ಟ್ ಊಹಿಸಿದರೆ ಮೋಸ ಹೋಗುತ್ತೀರಿ. ಕ್ಯುಪರ್ಟಿನೊ ಸುತ್ತಮುತ್ತ ಎಂಟನೆಯ ತರಗತಿಯವರೆಗಿನ ಶಾಲೆಗಳು ಕ್ಯುಪರ್ಟಿನೊ ಯೂನಿಯನ್ ಡಿಸ್ಟ್ರಿಕ್ಟಿಗೆ ಸೇರಿವೆ. ಆ ಡಿಸ್ಟ್ರಿಕ್ಟ್ ಸ್ಯಾನ್ ಹೋಸೆ, ಸನಿವೇಲ್ ಊರುಗಳ ಕೆಲವು ಭಾಗಗಳನ್ನೂ ಒಳಗೊಂಡಿದೆ. ಒಂಬತ್ತನೆಯ ತರಗತಿಗೆ ಬಂದೊಡನೆ ಅದೇ ಮಗು ಫ್ರೀಮಾಂಟ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟ್ ಎಂಬ ಬೇರೊಂದು ಮಂಡಳಿಯ ಕೈಗೆ ಹೋಗುತ್ತದೆ. ಈ ಫ್ರೀಮಾಂಟ್ ಯೂನಿಯನ್ನಿಗೂ ಕೊಲ್ಲಿಯ ಆಚೆ ದಡದ ಫ್ರೀಮಾಂಟ್ ನಗರದ ಫ್ರೀಮಾಂಟ್ ಯೂನಿಫೈಡ್ ಡಿಸ್ಟ್ರಿಕ್ಟಿಗೂ ಯಾವ ಸಂಬಂಧವೂ ಇಲ್ಲ. ಒಂದರ ಸುದ್ದಿಯನ್ನು ಇನ್ನೊಂದರದ್ದೆಂದು ತಿಳಿದು ಕನ್ನಡ ಗುಂಪುಗಳಲ್ಲಿ ಹಂಚಿದ್ದನ್ನು ಕಂಡಿದ್ದೇನೆ. ಹಾಗಾಗಿ ಮಾಡಬೇಕಾದ ಮೊದಲ ಕೆಲಸವೆಂದರೆ ಡಿಸ್ಟ್ರಿಕ್ಟಿನ ಜಾಲತಾಣದಲ್ಲಿ ನಿಮ್ಮ ಮನೆಯ ವಿಳಾಸ ಹಾಕಿ ಯಾವ ಶಾಲೆ, ಯಾವ ಡಿಸ್ಟ್ರಿಕ್ಟ್ ಎಂದು ನೋಡಿ ಬರೆದಿಟ್ಟುಕೊಳ್ಳುವುದು. ಇಬ್ಬರು ಮಕ್ಕಳು ಎರಡು ಡಿಸ್ಟ್ರಿಕ್ಟುಗಳಲ್ಲಿದ್ದರೆ ಎರಡು ರಜಾಪಟ್ಟಿ, ಎರಡು ಮಂಡಳಿ, ಎರಡು ಆ್ಯಪ್ ಎಂದು ಈಗಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಆ್ಯಪ್‌ಗಳನ್ನು ಒಮ್ಮೆ ಸರಿಪಡಿಸಿ

ಇದಕ್ಕೆ ಅರ್ಧ ಗಂಟೆ ಸಾಕು. ಪೇರೆಂಟ್‌ಸ್ಕ್ವೇರ್‌ನಂಥ ಆ್ಯಪ್ ಸುದ್ದಿಗೆ. ಪವರ್‌ಸ್ಕೂಲ್, ಇನ್ಫಿನಿಟ್ ಕ್ಯಾಂಪಸ್, ಏರಿಸ್ ಇವುಗಳಲ್ಲಿ ಯಾವುದೋ ಒಂದು ಅಂಕ, ಹಾಜರಿಗಳಿಗೆ. ತುರ್ತು ಸಂದೇಶ ಮಾತ್ರ ಕೂಡಲೇ ಫೋನಿಗೆ ಬರಲಿ, ಉಳಿದವೆಲ್ಲ ದಿನಕ್ಕೊಮ್ಮೆ ಒಟ್ಟಾಗಿ ಇಮೇಲಿಗೆ ಬರಲಿ ಎಂಬ ಆಯ್ಕೆ ಇದ್ದರೆ ಅದನ್ನೇ ಒತ್ತಿ. ನನ್ನಂತೆ ಎಲ್ಲವನ್ನೂ ಅಡಗಿಸಬೇಡಿ. ಅಪ್ಪ, ಅಮ್ಮ ಇಬ್ಬರ ಹೆಸರಿನಲ್ಲೂ ಖಾತೆ ಇರಲಿ. ಊರಿನಿಂದ ಬಂದ ಹಿರಿಯರು ಮಗುವನ್ನು ಕರೆತರುವುದಿದ್ದರೆ ಅವರ ಹೆಸರನ್ನು ತುರ್ತು ಸಂಪರ್ಕದ ಪಟ್ಟಿಗೆ ಸೇರಿಸಿ, ಗುರುತಿನ ಚೀಟಿ ಜೊತೆಗಿಟ್ಟುಕೊಳ್ಳಲು ಹೇಳಿ.

ಯಂತ್ರಾನುವಾದವನ್ನು ಎಷ್ಟು ಬೇಕೋ ಅಷ್ಟೇ ನಂಬಬೇಕು. ದಿನಾಂಕ, ಸಮಯಗಳನ್ನು ತಿಳಿಯಲು ತೊಂದರೆಯಿಲ್ಲ, ಆದರೆ ಶಾಲೆಯ ಪರಿಭಾಷೆ ಅದಕ್ಕೆ ಒಗ್ಗುವುದಿಲ್ಲ. ಅಜ್ಜ ಅಜ್ಜಿಯರಿಗಾಗಿ ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿ: ಮಿನಿಮಮ್ ಡೇ ಎಂದರೆ ಶಾಲೆ ಬೇಗ ಬಿಡುವ ದಿನ, ಸ್ಟಾಫ್ ಡೆವಲಪ್‌ಮೆಂಟ್ ಡೇ ಎಂದರೆ ಶಿಕ್ಷಕರಿಗೆ ತರಬೇತಿ, ಮಕ್ಕಳಿಗೆ ರಜೆ. ನಮ್ಮ ಮನೆಯಲ್ಲಿ ಈ ಚೀಟಿ ಮಾವನವರದೇ ಕೈಬರಹದಲ್ಲಿದೆ.

ಕಾರ್ಯಸೂಚಿಯನ್ನು ಓದುವುದು ಹೇಗೆ?

ಕ್ಯಾಲಿಫೋರ್ನಿಯಾದಲ್ಲಿ ಬ್ರೌನ್ ಆ್ಯಕ್ಟ್ ಎಂಬ ಕಾನೂನು 1953ರಿಂದ ಜಾರಿಯಲ್ಲಿದೆ. ಸ್ಥಳೀಯ ಸಂಸ್ಥೆಗಳು ಬಾಗಿಲು ಮುಚ್ಚಿಕೊಂಡು ತೀರ್ಮಾನ ಮಾಡಬಾರದೆಂಬುದು ಅದರ ಉದ್ದೇಶ. ಶಾಲಾ ಮಂಡಳಿಗಳಿಗೂ ಅದು ಅನ್ವಯಿಸುತ್ತದೆ. ಸಾಮಾನ್ಯ ಸಭೆಗೆ ಕನಿಷ್ಠ 72 ಗಂಟೆ ಮೊದಲು, ವಿಶೇಷ ಸಭೆಗೆ 24 ಗಂಟೆ ಮೊದಲು ಕಾರ್ಯಸೂಚಿ ಪ್ರಕಟವಾಗಬೇಕು. ಅದರಲ್ಲಿಲ್ಲದ ವಿಷಯದ ಮೇಲೆ, ಕಾನೂನು ಹೇಳಿರುವ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಮಂಡಳಿ ತೀರ್ಮಾನ ಕೈಗೊಳ್ಳುವಂತಿಲ್ಲ. ಸಭೆಗಳು ಹೆಚ್ಚಿನ ಕಡೆ ತಿಂಗಳಿಗೆ ಒಂದೋ ಎರಡೋ ಇರುತ್ತವೆ, ಅದೂ ಸಂಜೆಯ ಹೊತ್ತು. ಮಂಗಳವಾರ ಸಂಜೆ ಸಭೆಯಿದ್ದರೆ ಶನಿವಾರ ಬೆಳಿಗ್ಗೆ ಕಾಫಿ ಕುಡಿಯುತ್ತ ಕಾರ್ಯಸೂಚಿ ನೋಡಿಬಿಡಬಹುದು. ಅನೇಕ ಡಿಸ್ಟ್ರಿಕ್ಟುಗಳು ಇದನ್ನು ಬೋರ್ಡ್‌ಡಾಕ್ಸ್, ಸಿಂಬ್ಲಿ ಎಂಬ ತಾಣಗಳಲ್ಲಿ ಹಾಕುತ್ತವೆ. ಡಿಸ್ಟ್ರಿಕ್ಟಿನ ಪುಟದಲ್ಲಿ "ಬೋರ್ಡ್ ಮೀಟಿಂಗ್ಸ್" ಎಂಬ ಕೊಂಡಿ ಹುಡುಕಿದರೆ ಸಿಗುತ್ತದೆ.

ಮೊದಲ ಸಲ ತೆರೆದವರಿಗೆ ಎದೆ ಧಸಕ್ಕೆನ್ನುವುದು ಸಹಜ, ಏಕೆಂದರೆ ಲಗತ್ತುಗಳೆಲ್ಲ ಸೇರಿ ಕೆಲವೊಮ್ಮೆ ನೂರಾರು ಪುಟವಾಗುತ್ತವೆ. ಎಲ್ಲವನ್ನೂ ಓದುವ ಅಗತ್ಯವಿಲ್ಲ. ಪ್ರತಿ ವಿಷಯದ ಪಕ್ಕದಲ್ಲಿರುವ ಒಂದು ಪದವನ್ನು ಮಾತ್ರ ಮೊದಲು ನೋಡಿ. "ಇನ್ಫರ್ಮೇಶನ್" ಎಂದಿದ್ದರೆ ಮಂಡಳಿಗೆ ಬರೀ ಮಾಹಿತಿ ಕೊಡುತ್ತಿದ್ದಾರೆ. "ಡಿಸ್ಕಶನ್" ಎಂದಿದ್ದರೆ ಚರ್ಚೆ ಉಂಟು, ಮತವಿಲ್ಲ. "ಆ್ಯಕ್ಷನ್" ಎಂದಿದ್ದರೆ ಆ ರಾತ್ರಿಯೇ ಮತ ಹಾಕುತ್ತಾರೆ. ದೊಡ್ಡ ವಿಷಯಗಳು ಸಾಮಾನ್ಯವಾಗಿ ಈ ಮೂರೂ ಮೆಟ್ಟಿಲು ಹತ್ತಿ ಬರುತ್ತವೆ. ನೀತಿಗಳ ತಿದ್ದುಪಡಿಯಾದರೆ "ಫಸ್ಟ್ ರೀಡಿಂಗ್", "ಸೆಕೆಂಡ್ ರೀಡಿಂಗ್" ಎಂದು ಎರಡು ಸಭೆಗಳಲ್ಲಿ ಕಾಣಿಸಿಕೊಳ್ಳುವುದುಂಟು. ನಿಮ್ಮ ಮಾತಿಗೆ ಬೆಲೆ ಹೆಚ್ಚಿರುವುದು ಮಾಹಿತಿ, ಚರ್ಚೆಗಳ ಹಂತದಲ್ಲಿ. ಆ್ಯಕ್ಷನ್ ರಾತ್ರಿ ಸಭಾಂಗಣ ತುಂಬಿ ತುಳುಕಿದರೂ ಟ್ರಸ್ಟಿಗಳು ಆ ಹೊತ್ತಿಗೆ ಮನಸ್ಸು ಮಾಡಿಕೊಂಡೇ ಬಂದಿರುತ್ತಾರೆ ಎಂಬುದು ನನ್ನ ಅನುಭವ.

ಇನ್ನೊಂದು ಮೂಲೆಯನ್ನು ತಪ್ಪದೆ ನೋಡಬೇಕು, ಅದು "ಕನ್ಸೆಂಟ್ ಕ್ಯಾಲೆಂಡರ್". ಹೆಸರಿನಲ್ಲಿ ಕ್ಯಾಲೆಂಡರ್ ಇದ್ದರೂ ಇದು ರಜಾಪಟ್ಟಿಯಲ್ಲ. ಚರ್ಚೆ ಬೇಕಿಲ್ಲವೆಂದು ಆಡಳಿತ ಭಾವಿಸಿದ ಹತ್ತಾರು ವಿಷಯಗಳನ್ನು ಒಂದೇ ಗಂಟಿನಲ್ಲಿ ಕಟ್ಟಿ ಒಂದೇ ಮತದಲ್ಲಿ ಮುಗಿಸುವ ಪಟ್ಟಿ. ಕಂಪನಿಗಳ ಜೊತೆಗಿನ ಗುತ್ತಿಗೆ, ಪ್ರವಾಸದ ಅನುಮತಿ, ಹೊಸ ಸಾಫ್ಟ್‌ವೇರ್ ಖರೀದಿ ಹೆಚ್ಚಾಗಿ ಇಲ್ಲೇ ಇರುತ್ತವೆ. ಅದರಲ್ಲಿ ಒಂದು ವಿಷಯ ನಿಮಗೆ ಮುಖ್ಯವೆನಿಸಿದರೆ, ಅದನ್ನು ಗಂಟಿನಿಂದ ಹೊರತೆಗೆದು ಪ್ರತ್ಯೇಕವಾಗಿ ಚರ್ಚಿಸಿ ಎಂದು ಒಬ್ಬ ಟ್ರಸ್ಟಿಗೆ ಸಭೆಗೆ ಮುಂಚೆಯೇ ಇಮೇಲ್ ಮಾಡಬಹುದು.

ಇದೆಲ್ಲ ಇಷ್ಟು ಮುಖ್ಯವೇ ಎನ್ನುವವರು ಕ್ಯುಪರ್ಟಿನೊ ಯೂನಿಯನ್ ಡಿಸ್ಟ್ರಿಕ್ಟಿನ ಉದಾಹರಣೆಯನ್ನು ನೋಡಬಹುದು. ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದುದರಿಂದ ಅಲ್ಲಿನ ರೆಗ್ನಾರ್ಟ್, ಮೇಯರ್‌ಹೋಲ್ಜ್ ಪ್ರಾಥಮಿಕ ಶಾಲೆಗಳು 2021–22ರ ಶೈಕ್ಷಣಿಕ ವರ್ಷದ ಕೊನೆಗೆ ಮುಚ್ಚಿದವು. ಅದಕ್ಕೆ ಮುನ್ನ ತಿಂಗಳುಗಟ್ಟಲೆ ಸಮಿತಿಯ ಸಭೆಗಳು, ಮಂಡಳಿಯ ಚರ್ಚೆಗಳು ನಡೆದಿದ್ದವು. ಮಕ್ಕಳ ಸಂಖ್ಯೆಯ ವರದಿ ಎಂಬ ಒಣ ಶೀರ್ಷಿಕೆಯ ಹಿಂದೆ ನಿಮ್ಮ ಬೀದಿಯ ಶಾಲೆಯ ಭವಿಷ್ಯ ಇರಬಹುದು. "ಸೆವೆನ್-ಇಲೆವೆನ್ ಕಮಿಟಿ" ಎಂಬ ಹೆಸರು ಕಂಡರೂ ಎಚ್ಚರವಿರಲಿ. ಇದು ಅಂಗಡಿಯ ವಿಷಯವಲ್ಲ. ಡಿಸ್ಟ್ರಿಕ್ಟ್ ತನಗೆ ಬೇಡವಾದ ಕಟ್ಟಡ, ಜಾಗಗಳನ್ನು ಮಾರುವ ಅಥವಾ ಬಾಡಿಗೆಗೆ ಕೊಡುವ ಮೊದಲು ರಚಿಸುವ, ಏಳರಿಂದ ಹನ್ನೊಂದು ಸದಸ್ಯರ ಸಲಹಾ ಸಮಿತಿಗೆ ಆ ಅಡ್ಡಹೆಸರು.

ಯಾವ ತಿಂಗಳು ಏನು?

ಮಂಡಳಿಯ ವರ್ಷಕ್ಕೂ ಒಂದು ಪಂಚಾಂಗವಿದೆ. ಜನವರಿಯಲ್ಲಿ ರಾಜ್ಯದ ಗವರ್ನರ್ ಬಜೆಟ್ ಪ್ರಸ್ತಾಪ ಹೊರಬೀಳುತ್ತದೆ. ಡಿಸ್ಟ್ರಿಕ್ಟುಗಳ ಲೆಕ್ಕಾಚಾರ ಅಲ್ಲಿಂದ ಶುರು. ಫೆಬ್ರವರಿ 1ರೊಳಗೆ ಪ್ರತಿ ಶಾಲೆಯ ಸಾಧನೆಯ ವರದಿ, ಅಂದರೆ ಸಾರ್ಕ್, ಪ್ರಕಟವಾಗಬೇಕು. ಮುಂದಿನ ವರ್ಷ ಕೆಲಸ ಇರಲಾರದೆಂಬ ಪ್ರಾಥಮಿಕ ನೋಟಿಸನ್ನು ಶಿಕ್ಷಕರಿಗೆ ಮಾರ್ಚ್ 15ರೊಳಗೆ, ಅಂತಿಮ ನೋಟಿಸನ್ನು ಮೇ 15ರೊಳಗೆ ಕೊಡಬೇಕಾದ್ದರಿಂದ ಯಾವ ಕಾರ್ಯಕ್ರಮಕ್ಕೆ ಕುತ್ತು ಬರಲಿದೆ ಎಂಬುದು ಫೆಬ್ರವರಿ ಕೊನೆಯ, ಮಾರ್ಚ್ ಮೊದಲ ಸಭೆಗಳಲ್ಲೇ ಗೊತ್ತಾಗುತ್ತದೆ. ಪ್ರಾಥಮಿಕ ನೋಟಿಸು ಬಂದವರೆಲ್ಲ ಕೆಲಸ ಕಳೆದುಕೊಳ್ಳುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ಮೇ, ಜೂನ್ ತಿಂಗಳುಗಳಲ್ಲಿ ಎಲ್‌ಕ್ಯಾಪ್ ಬರುತ್ತದೆ. ಡಿಸ್ಟ್ರಿಕ್ಟ್ ತನ್ನ ಹಣವನ್ನು ಯಾವ ಗುರಿಗಳಿಗಾಗಿ ಹೇಗೆ ಖರ್ಚು ಮಾಡುತ್ತದೆ ಎಂದು ಬರೆದುಕೊಡುವ ಮೂರು ವರ್ಷದ ಯೋಜನೆ ಇದು. 2013ರಲ್ಲಿ ಜಾರಿಗೆ ಬಂದ ಹೊಸ ಹಣಕಾಸು ಪದ್ಧತಿಯ ಜೊತೆಗೆ ಬಂದದ್ದು. ಪ್ರತಿ ವರ್ಷ ಜುಲೈ 1ರೊಳಗೆ ಇದನ್ನು ಅಂಗೀಕರಿಸಬೇಕು. ಒಂದು ಸಭೆಯಲ್ಲಿ ಸಾರ್ವಜನಿಕರ ಅಹವಾಲು ಕೇಳಬೇಕು, ಅಂಗೀಕಾರ ಅದರ ನಂತರ ಬೇರೊಂದು ದಿನದ ಸಭೆಯಲ್ಲಿ ಆಗಬೇಕು. ಇದಕ್ಕಾಗಿ ಪೋಷಕರ ಸಲಹಾ ಸಮಿತಿಯೂ ಇರುತ್ತದೆ. ವರ್ಷಕ್ಕೆ ಒಂದೇ ಒಂದು ಕಡತ ಓದಲು ಪುರುಸೊತ್ತು ಸಿಗುವುದಾದರೆ ಇದನ್ನೇ ಓದಿ. ಓದಲು ರುಚಿಯಿಲ್ಲ, ಆದರೆ ಹೊಸ ಆಪ್ತ ಸಮಾಲೋಚಕರು ಬರುತ್ತಾರೋ ಇಲ್ಲವೋ ಎಂಬುದು ಅದರಲ್ಲೇ ಇರುತ್ತದೆ.

ರಜಾಪಟ್ಟಿಯ ವಿಷಯಕ್ಕೆ ಬಂದರೆ ನಮ್ಮವರ ಕಿವಿ ನೆಟ್ಟಗಾಗುತ್ತದೆ. 2025ರ ಅಕ್ಟೋಬರ್‌ನಲ್ಲಿ ಸಹಿ ಬಿದ್ದ ಎಬಿ 268 ಎಂಬ ಕಾನೂನು ದೀಪಾವಳಿಯನ್ನು ಕ್ಯಾಲಿಫೋರ್ನಿಯಾದ ರಾಜ್ಯ ರಜಾದಿನಗಳ ಸಾಲಿಗೆ ಸೇರಿಸಿತು. ಅಂದು ಎಲ್ಲ ಶಾಲೆಗಳಿಗೂ ರಜೆ ಎಂಬ ಸಂದೇಶ ಆಗ ಎಲ್ಲೆಡೆ ಹರಿದಾಡಿತು, ಅದು ತಪ್ಪು. ಶಾಲೆಗೆ ರಜೆ ಕೊಡುವುದು ಡಿಸ್ಟ್ರಿಕ್ಟಿನ ಇಚ್ಛೆಗೆ ಬಿಟ್ಟದ್ದು. ರಜಾಪಟ್ಟಿ ಶಿಕ್ಷಕರ ಸಂಘದೊಂದಿಗೆ ಮಾತುಕತೆಯಾಗಿ, ಮಂಡಳಿಯ ಮತ ಪಡೆದು, ಅನೇಕ ಕಡೆ ಒಂದೆರಡು ವರ್ಷ ಮುಂಚೆಯೇ ನಿಗದಿಯಾಗಿರುತ್ತದೆ. ರಜೆ ಇಲ್ಲದ ಕಡೆ, ಧಾರ್ಮಿಕ ಹಬ್ಬದ ಗೈರುಹಾಜರಿಯನ್ನು ಕ್ಷಮಿಸಬಹುದಾದ ಗೈರೆಂದು ಶಿಕ್ಷಣ ಸಂಹಿತೆ ಒಪ್ಪುತ್ತದೆ. ಮುಂಚಿತವಾಗಿ ಕಚೇರಿಗೆ ಬರೆದು ಕೇಳಿ ಪ್ರಿನ್ಸಿಪಾಲರ ಒಪ್ಪಿಗೆ ಪಡೆಯಬೇಕು.

ಸಭೆಗೆ ಹೋಗುವುದು, ಮಾತನಾಡುವುದು

ವೀಸಾದ ಮೇಲೆ ಇರುವವರು ಮಂಡಳಿಯ ಸಭೆಯೆಂದರೆ ಹಿಂಜರಿಯುತ್ತಾರೆ. ಮತ ಹಾಕಲು ಪೌರತ್ವ ಬೇಕು ಎಂಬುದು ಬಹುತೇಕ ಕಡೆ ನಿಜ. ಸಭೆಯಲ್ಲಿ ಕುಳಿತು ಕೇಳಲು, ಎದ್ದು ಮಾತನಾಡಲು ಪೌರತ್ವವೂ ಬೇಡ, ಹಸಿರು ಕಾರ್ಡೂ ಬೇಡ. ಹೆಸರು ಬರೆದರೆ ಮಾತ್ರ ಒಳಗೆ ಬಿಡುತ್ತೇವೆ ಎಂದು ಷರತ್ತು ಹಾಕಲು ಬ್ರೌನ್ ಆ್ಯಕ್ಟ್ ಅವಕಾಶ ಕೊಡುವುದಿಲ್ಲ. ಒಬ್ಬೊಬ್ಬರಿಗೆ ಎರಡು ಮೂರು ನಿಮಿಷ ಸಿಗುತ್ತದೆ. ಟ್ರಸ್ಟಿಗಳು ಉತ್ತರ ಕೊಡದೆ ಸುಮ್ಮನೆ ಕೇಳಿಸಿಕೊಂಡರೆ ಅವಮಾನವೆಂದು ಭಾವಿಸಬೇಡಿ. ಕಾರ್ಯಸೂಚಿಯಲ್ಲಿಲ್ಲದ ವಿಷಯವನ್ನು ಅವರು ಅಲ್ಲಿ ಚರ್ಚಿಸುವಂತಿಲ್ಲ.

ಭಾಷೆಯ ಬಗ್ಗೆ ಒಂದು ನಿಯಮ ನಮ್ಮ ಹಿರಿಯರಿಗೆ ತುಂಬ ಉಪಯುಕ್ತ. ಬ್ರೌನ್ ಆ್ಯಕ್ಟಿಗೆ 2016ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ, ದುಭಾಷಿಯ ನೆರವಿನಿಂದ ಮಾತನಾಡುವವರಿಗೆ, ಏಕಕಾಲಿಕ ಅನುವಾದದ ಉಪಕರಣ ಇಲ್ಲದಿದ್ದರೆ, ಇತರರಿಗಿಂತ ಎರಡು ಪಟ್ಟು ಸಮಯ ಕೊಡಬೇಕು. ಶಾಲೆಯ ಉಚಿತ ಊಟದಲ್ಲಿ ಸಸ್ಯಾಹಾರದ ಬಗ್ಗೆ ಅಜ್ಜಿಯೊಬ್ಬರು ಕನ್ನಡದಲ್ಲೇ ಹೇಳಿ, ಮೊಮ್ಮಗ ಅದನ್ನು ಇಂಗ್ಲಿಷಿನಲ್ಲಿ ಹೇಳಿದರೆ ಎರಡು ನಿಮಿಷ ನಾಲ್ಕಾಗುತ್ತದೆ.

ಒಂದು ಶಾಲೆಯ ವಿದ್ಯಾರ್ಥಿಗಳಲ್ಲಿ ಶೇಕಡ 15 ಅಥವಾ ಹೆಚ್ಚು ಮಂದಿಯ ಮನೆಮಾತು ಇಂಗ್ಲಿಷಲ್ಲದ ಒಂದೇ ಭಾಷೆಯಾಗಿದ್ದರೆ ಪೋಷಕರಿಗೆ ಹೋಗುವ ನೋಟಿಸುಗಳು ಆ ಭಾಷೆಯಲ್ಲೂ ಇರಬೇಕೆಂದು ಶಿಕ್ಷಣ ಸಂಹಿತೆ ಹೇಳುತ್ತದೆ. ಕನ್ನಡಕ್ಕೆ ಆ ಸಂಖ್ಯೆ ಮುಟ್ಟುವುದು ದೂರದ ಮಾತು. ಆದರೂ ಶಾಲೆಗೆ ಸೇರಿಸುವಾಗ ತುಂಬಿಸುವ ಮನೆಭಾಷೆಯ ಸಮೀಕ್ಷೆಯಲ್ಲಿ ಕನ್ನಡವೆಂದು ಬರೆದರಷ್ಟೇ ನಾವು ಲೆಕ್ಕಕ್ಕೆ ಸಿಗುತ್ತೇವೆ. ಹಾಗೆ ಬರೆದರೆ ಮಗುವಿಗೆ ಎಲ್‌ಪ್ಯಾಕ್ ಎಂಬ ಇಂಗ್ಲಿಷ್ ಪರೀಕ್ಷೆ ಬರುತ್ತದೆಂದು ಹೆದರಿ ಇಂಗ್ಲಿಷ್ ಎಂದೇ ತುಂಬಿಸುವವರಿದ್ದಾರೆ. ಮನೆಯಲ್ಲಿ ಮಗು ಮೊದಲು ಆಡಿದ ಮಾತು ಯಾವುದೋ ಅದನ್ನೇ ಬರೆಯಿರಿ. ಇಂಗ್ಲಿಷ್ ಚೆನ್ನಾಗಿ ಬರುವ ಮಗು ಆ ಮೊದಲ ಪರೀಕ್ಷೆಯಲ್ಲೇ ದಾಟಿಕೊಳ್ಳುತ್ತದೆ. ಬರದ ಮಗುವಿಗೆ ನೆರವು ಸಿಗುತ್ತದೆ. ಆ ನೆರವಿನ ಬೇರು 1974ರ ಲಾವ್ ವಿರುದ್ಧ ನಿಕೋಲ್ಸ್ ತೀರ್ಪಿನಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ಮನೆಮಾತಿನ ಮಕ್ಕಳ ಪರವಾಗಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಅದು.

ನೆರೆಹೊರೆಗೆ ತಲುಪಿಸುವುದು

ಎಲ್ಲ ಕುಟುಂಬಗಳೂ ಕಾರ್ಯಸೂಚಿ ಓದಬೇಕೆಂದರೆ ಆಗದ ಮಾತು. ಒಂದು ಶಾಲೆಗೆ ಇಬ್ಬರು ಮೂವರು ಸರದಿಯ ಮೇಲೆ ಓದಿ, ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಸಾಕು. ಆದರೆ ಹಾಕುವ ರೀತಿಯಲ್ಲೇ ಎಡವಟ್ಟಾಗುವುದು. ನಮ್ಮ ಗುಂಪಿನಲ್ಲೊಮ್ಮೆ "ಶಾಲೆ ಮುಚ್ಚುತ್ತಾರಂತೆ" ಎಂಬ ಒಂದೇ ಸಾಲಿನ ಸಂದೇಶ ಬಂತು. ಮೂಲವನ್ನು ಹುಡುಕಿದರೆ ಅದು ಮಕ್ಕಳ ಸಂಖ್ಯೆಯನ್ನು ಅಧ್ಯಯನ ಮಾಡಲು ಸಲಹೆಗಾರರನ್ನು ನೇಮಿಸುವ ವಿಷಯ. ನಾನು ಅದನ್ನು ಹುಡುಕಿ ಹಾಕುವಷ್ಟರಲ್ಲಿ ನಾಲ್ಕು ದಿನ ಕಳೆದಿತ್ತು, ಒಂದು ಕುಟುಂಬ ಬೇರೆ ಬಡಾವಣೆಯಲ್ಲಿ ಮನೆಗೆ ಮುಂಗಡ ಕೊಟ್ಟಾಗಿತ್ತು.

ಅಂದಿನಿಂದ ನಾವೊಂದು ಪದ್ಧತಿ ಇಟ್ಟುಕೊಂಡಿದ್ದೇವೆ. "ಅಂತೆ" ಎಂದು ಕೊನೆಗೊಳ್ಳುವ ವಾಕ್ಯವನ್ನು ಗುಂಪಿಗೆ ಹಾಕುವಂತಿಲ್ಲ. ಡಿಸ್ಟ್ರಿಕ್ಟಿನ ಪೂರ್ಣ ಹೆಸರು, ಸಭೆಯ ದಿನಾಂಕ, ವಿಷಯದ ಸಂಖ್ಯೆ, ಅದು ಮಾಹಿತಿಯೋ ಚರ್ಚೆಯೋ ಮತವೋ ಎಂಬ ಒಂದು ಪದ, ಮೂಲದ ಕೊಂಡಿ, ಇಷ್ಟೂ ಇರಲೇಬೇಕು. ಸ್ವಂತ ಅಭಿಪ್ರಾಯವನ್ನು ಬೇರೆ ಸಂದೇಶದಲ್ಲಿ ಬರೆಯಬೇಕು. ಮಕ್ಕಳ ಹೆಸರು, ಅಂಕ, ಶಿಸ್ತುಕ್ರಮದ ಮಾತು ಗುಂಪಿಗೆ ಬರಕೂಡದು. ಬರೆಯುವವರು ಕನ್ನಡ ಲಿಪಿಯಲ್ಲೇ ಬರೆಯುತ್ತಾರೆ, ಏಕೆಂದರೆ ಮಧ್ಯಾಹ್ನ ಗೇಟಿನ ಬಳಿ ನಿಲ್ಲುವವರು ಅದನ್ನು ಓದಬೇಕು. ಡಿಸ್ಟ್ರಿಕ್ಟಿನ ಹೆಸರು, ದಿನಾಂಕ, ವಿಷಯದ ಸಂಖ್ಯೆಗಳನ್ನು ಇಲ್ಲಿ ಬಿಟ್ಟರೆ, ಕಳೆದ ವರ್ಷದ ಒಂದು ಸಂದೇಶ ಹೀಗಿತ್ತು:

"ಪ್ರಾಥಮಿಕ ಶಾಲೆಗಳ ಡಿಸ್ಟ್ರಿಕ್ಟ್ (ಹೈಸ್ಕೂಲಿನದ್ದಲ್ಲ). ಮಂಗಳವಾರ ಸಂಜೆ 6ರ ಸಭೆ. ವಿಷಯ: ಬುಧವಾರ ಶಾಲೆ ಬಿಡುವ ಸಮಯವನ್ನು ಮುಂದಿನ ಆಗಸ್ಟ್‌ನಿಂದ 25 ನಿಮಿಷ ಮುಂಚೆ ಮಾಡುವ ಪ್ರಸ್ತಾಪ. ಈ ಸಭೆಯಲ್ಲಿ ಚರ್ಚೆ ಮಾತ್ರ, ಮತವಿಲ್ಲ. ಮತ ಮುಂದಿನ ಸಭೆಯಲ್ಲಿ ಬರಬಹುದು. ಬದಲಾವಣೆ ಇನ್ನೂ ಆಗಿಲ್ಲ. ಹೇಳುವುದಿದ್ದವರು ಸೋಮವಾರದೊಳಗೆ ಟ್ರಸ್ಟಿಗಳಿಗೆ ಬರೆಯಿರಿ. ಕೊಂಡಿ ಕೆಳಗಿದೆ."

ಅದನ್ನು ಓದಿ ಹನ್ನೊಂದು ಮನೆಯವರು ಟ್ರಸ್ಟಿಗಳಿಗೆ ಬರೆದರು. ಕೆಲಸಕ್ಕೆ ಹೋಗುವ ತಾಯಂದಿರು ಮೂವರು ಸಭೆಗೇ ಹೋಗಿ ಮಾತನಾಡಿದರು. ಮತಕ್ಕೆ ಬಂದಾಗ ಪ್ರಸ್ತಾಪ ಅಂಗೀಕಾರವಾಯಿತು, ಆದರೆ ಆ 25 ನಿಮಿಷ ಮಕ್ಕಳನ್ನು ಗ್ರಂಥಾಲಯದಲ್ಲಿ ನೋಡಿಕೊಳ್ಳುವ ಏರ್ಪಾಡೂ ಅದರ ಜೊತೆಗೆ ಸೇರಿತು. ಮಾವನವರು ಫ್ರಿಜ್ಜಿನ ಚೀಟಿಯಲ್ಲಿ ಬುಧವಾರದ ಸಮಯವನ್ನು ಹೊಡೆದುಹಾಕಿ ಪಕ್ಕದಲ್ಲಿ ಹೊಸದನ್ನು ಬರೆದಿದ್ದಾರೆ.